ಬಾಡಿಗೆ ಮಳೆ

ಅವನ ಹೆಸರು ಪೆನಕ್. ನಮ್ಮ ಬಾಯಲ್ಲಿ ಪೆನ್ನಪ್ಪ.
ಆಗಿನ್ನೂ ಅವನು ಪೆನ್ನು ಹಿಡಿದವನಲ್ಲ.
ಕುತ್ತಿಗೆಗೊಂದು ಗಾಜು ನೇತುಹಾಕಿಕೊಂಡು
ಒಂದು ಕಣ್ಣು ಮುಚ್ಚಿ ಊರನ್ನೆಲ್ಲ ಅಳೆಯುತ್ತಿದ್ದ.
ಎಪ್ಪತ್ತೊಂಬತ್ತರ ಏಪ್ರಿಲ್. ತಾಳಗುಪ್ಪದ ಸ್ಟೇಷನ್ನು;
ಹಳಿ ಅಲ್ಲಿಗೆ ಮುಗಿಯುತ್ತದೆ, ಮುಂದೆ ಬರೀ ಹುಲ್ಲು.
ಅದಕ್ಕೇ ಆ ಜಾಗ ಬೇಕಾಗಿತ್ತಂತೆ ಅವನಿಗೆ.

ಮಳೆ ಬೇಕು ಎಂದ.
ಈ ಬಿಸಿಲಲ್ಲಾ? ಎಂದರು ಸ್ಟೇಷನ್ ಮಾಸ್ತರು.
ಜುಲೈವರೆಗೆ ಕಾಯಲು ಅವನ ಬಳಿ ದುಡ್ಡಿರಲಿಲ್ಲ.
ಹೀಗೆ, ಮೇಲಿನಿಂದ ಕಾಗದ ಬಂದು,
ಸಾಗರಕ್ಕೆ ಇದ್ದೊಂದು ಫೈರ್ ಇಂಜಿನ್ನು
ಎರಡು ದಿನದ ಮಟ್ಟಿಗೆ ಮೋಡವಾಯಿತು.
ನಾನು ಇನ್ನಾಸಪ್ಪ, ಪಂಪಿನವನು.
ವಾಲ್ವಿನ ಮೇಲೆ ನನ್ನ ಕೈ.

ಸುಲಭ ಅಂದುಕೊಳ್ಳಬೇಡಿ.
ನೀರನ್ನು ನೇರ ಬಿಟ್ಟರೆ ಅದು ಮಳೆಯಲ್ಲ, ಏಟು.
ಮೂತಿಯನ್ನು ಆಕಾಶಕ್ಕೆತ್ತಿ, ಧಾರೆ ಒಡೆದು,
ಮೇಲೆ ಹೋಗಿ ಸುಸ್ತಾಗಿ
ತಾನಾಗಿ ಬೀಳುವಂತೆ ಬಿಡಬೇಕು.
ಯಾವ ಮಳೆ, ಆರಿದ್ರೆಯೋ, ಮಘೆಯೋ, ಸ್ವಾತಿಯೋ?
ಕೇಳಿದೆ. ದುಭಾಷಿ ಹುಡುಗ ತಬ್ಬಿಬ್ಬಾದ.
ಪೆನ್ನಪ್ಪ ನನ್ನ ಅಂಗೈ ಹಿಡಿದು
ಬೆರಳ ತುದಿಯಿಂದ ತಟ್ಟಿ ತೋರಿಸಿದ, ಇಷ್ಟು.
ಸ್ವಾತಿ, ಎಂದೆ. ಆಗಬಹುದು.

ಕೊಡೆ ಹಿಡಿದ ಬಿಳಿ ಹೆಂಗಸು ರೈಲಿಳಿಯುತ್ತಾಳೆ,
ಕರೆದೊಯ್ಯಲು ಯಾರೂ ಬಂದಿಲ್ಲ. ಇಷ್ಟೇ.
ಹದಿಮೂರು ಸಲ ಇಳಿದಳು.
ಹದಿನಾಲ್ಕನೆಯದಕ್ಕೆ ಮುಂಚೆ
ಕಾನ್ಲೆಯ ಕಡೆ ಹೊಗೆ ಎದ್ದಿತು,
ಮೊದಲು ಕೊಕ್ಕರೆಯ ಕತ್ತಿನಷ್ಟು, ಆಮೇಲೆ ದಪ್ಪ.
ನಾನು ನೋಡಿದೆ. ಅವನೂ ನೋಡಿದ.
ಇಬ್ಬರೂ ನೋಡಿದೆವೆಂದು ಇಬ್ಬರಿಗೂ ಗೊತ್ತಾಯಿತು.
ಬೆಳಕು ಇನ್ನು ಹತ್ತು ನಿಮಿಷ ಇತ್ತು.
ಒಂದು ಬೆರಳೆತ್ತಿದ: ಇನ್ನೊಂದು ಸಲ.
ನಾನು ವಾಲ್ವು ತಿರುಗಿಸಿದೆ.

ಸಾಮಿಲ್ಲು ಸುಟ್ಟಿತು. ನಾವು ತಲುಪಿದಾಗ
ಟ್ಯಾಂಕಿನ ತಳದಲ್ಲಿ ಗುಡುಗುಡು ಸದ್ದು ಮಾತ್ರ.
ಸತ್ತವರಿಲ್ಲ. ಜೋಡೆತ್ತಿನಲ್ಲಿ ಒಂದು.
ಕಾವಲಿನ ಬಂಗಾರ್ಯನ ಗುಡಿಸಲು,
ಅವನ ಹೆಂಡತಿಯ ಹೊಲಿಗೆ ಮಿಷನ್ನು,
ಅದರ ಕೆಳಗಿದ್ದ ಯಾರದೋ ಮದುವೆಯ ರವಿಕೆಗಳು.
ಠಾಣೆಯ ಪುಸ್ತಕದಲ್ಲಿ 'ಪಂಪು ಕೆಟ್ಟಿತ್ತು' ಎಂದಿದೆ.
ಅಕ್ಷರ ನನ್ನದೇ.

ಹದಿನಾಲ್ಕನೆಯದನ್ನು ಇಟ್ಟನೋ ಬಿಟ್ಟನೋ ಕಾಣೆ,
ಆ ಸಿನಿಮಾ ಘಟ್ಟ ಹತ್ತಿ ಬರಲೇ ಇಲ್ಲ.
ಅವನ ಮೊದಲನೆಯದಕ್ಕೆ ಯಾವುದೋ ಬಹುಮಾನ,
ಎರಡನೆಯದು, ಅಂದರೆ ನಮ್ಮದು, ಮೂರು ವಾರ ಓಡಿತು,
ಮೂರನೆಯದಕ್ಕೆ ದುಡ್ಡು ಹುಟ್ಟಲಿಲ್ಲ.
ಆಮೇಲೆ ಬರೆಯಲು ಕೂತ.
ಇದೆಲ್ಲ ಚಂದ್ರಭಾಗಿ ಟೀಚರ್ ಹೇಳಿದ್ದು.
ಶಿವಮೊಗ್ಗದಲ್ಲಿ ಹಳೇ ಪುಸ್ತಕದ ರಾಶಿಯೊಳಗೆ
ಬೆನ್ನು ಕಿತ್ತ ಕಾದಂಬರಿಯೊಂದು ಸಿಕ್ಕಿತಂತೆ,
ಹಿಂದಿನ ರಟ್ಟಿನಲ್ಲಿ ಅವನ ಪಟ. ಮುದುಕ. ಕತ್ತಿನಲ್ಲಿ ಗಾಜಿಲ್ಲ.
ಉಳಿದವನ್ನು ಹುಡುಕಿ ತರಿಸಿಕೊಂಡರು, ಒಟ್ಟು ಆರು.
ಸಂಜೆ ಬಂದು ನನಗೆ ಅರ್ಥ ಹೇಳುತ್ತಾರೆ.

ಕಾದಂಬರಿಯಲ್ಲಿ ಮಳೆ ಅಗ್ಗ, ಇನ್ನಾಸಪ್ಪನೋರೆ,
'ಮಳೆ ಬಂತು' ಅಂತ ಬರೆದರೆ ಬಂತು.
ನಾಲ್ಕು ಟ್ಯಾಂಕು, ಎರಡು ದಿನ, ನನ್ನ ರಟ್ಟೆ,
ಎಲ್ಲ ಸೇರಿ ಎರಡು ಪದ.
ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳೇಕೆ.

ನಿನ್ನೆ ಕನ್ನಡಕ ಒರೆಸುತ್ತ ಅವರು ಕೇಳಿದರು:
ಆರರಲ್ಲೂ ಒಂದು ವಿಚಿತ್ರ ಇದೆ, ನೋಡಿ.
ಒಂದು ಹಡಗಿನಲ್ಲಿ ನಡೆಯುತ್ತದೆ, ಒಂದು ಆಸ್ಪತ್ರೆಯಲ್ಲಿ,
ಒಂದರಲ್ಲಿ ಬರೀ ಅಕ್ಕತಂಗಿಯರ ಆಸ್ತಿ ಜಗಳ.
ಎಲ್ಲೋ ನಡುವೆ ಯಾರೋ ಕಿಟಕಿ ತೆರೆಯುತ್ತಾರೆ,
ದೂರದಲ್ಲಿ ಹೊಗೆ.
ಏನದು ಅಂತ ಯಾರೂ ಕೇಳುವುದಿಲ್ಲ,
ಮುಂದಿನ ಪುಟದಲ್ಲಿ ಅದರ ಸುದ್ದಿಯೇ ಇಲ್ಲ.
ಯಾಕಿರಬಹುದು?

ಒಲೆಯ ಮೇಲೆ ಕಷಾಯ ಉಕ್ಕುತ್ತಿತ್ತು.
ಮಂಜಿರಬೇಕು ಟೀಚರ್, ಎಂದೆ,
ದೂರದಿಂದ ಎರಡೂ ಒಂದೇ ಥರ.

ಅವರು ಹೋದರು. ಚಪ್ಪಲಿಯ ಸದ್ದು ತಿರುವಿನತನಕ.
ಪೆನ್ನಪ್ಪಾ, ನೀನಾದರೂ ಆರು ಸಲ ಬರೆದೆ.
ನಾನು ಒಂದೇ ಸಲ.
ಎರಡೇ ಪದ.